ಉತ್ತರಕ್ಕೆ ಅಂಕ, ಕಾರಣಕ್ಕೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಯ ಅರ್ಥಶಾಸ್ತ್ರ ಪಾಠವೊಂದನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಬಯಕೆಗಳು ಅಪಾರ, ಸಾಧನಗಳು ಮಿತ, ಆದ್ದರಿಂದ ಆಯ್ಕೆ ಅನಿವಾರ್ಯ ಎಂದು ಕಪ್ಪುಹಲಗೆಯ ಮೇಲೆ ಬರೆದ ಪ್ರಶಿಕ್ಷಣಾರ್ಥಿ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದರು: “ಈಗಲೇ ಕೈಗೆ 1,000 ರೂಪಾಯಿ ಕೊಡುತ್ತೇನೆ. ಬೇಡವೆಂದರೆ ನಾಣ್ಯ ಚಿಮ್ಮುತ್ತೇನೆ. ಹೆಡ್ ಬಿದ್ದರೆ 2,500 ರೂಪಾಯಿ, ಟೇಲ್ ಬಿದ್ದರೆ ಏನೂ ಇಲ್ಲ. ಯಾವುದು ಬೇಕು?”

ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಕಾಲಂನಲ್ಲಿ ‘ನಾಣ್ಯ’ ಎಂದಿತ್ತು. ಸರಾಸರಿ ಲೆಕ್ಕ ಹಾಕಿದರೆ ನಾಣ್ಯದ ಬೆಲೆ 1,250 ರೂಪಾಯಿ, ಅಂದರೆ ಸಾವಿರಕ್ಕಿಂತ ಹೆಚ್ಚು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು “ಸಾವಿರ” ಎಂದಳು. “ತಪ್ಪು, ಕುಳಿತುಕೋ” ಎಂಬ ಉತ್ತರ ಬಂತು. ಆದರೆ ಹುಡುಗಿ ಕೂರಲಿಲ್ಲ. “ಸಾವಿರ ತಗೊಂಡ್ರೆ ಈ ತಿಂಗಳ ಸಂಘದ ಕಂತು ಕಟ್ಟಬಹುದು ಮಿಸ್. ಟೇಲ್ ಬಿದ್ರೆ ಅಮ್ಮ ಏನು ಮಾಡ್ಬೇಕು?” ಎಂದಳು.

ಪ್ರಶಿಕ್ಷಣಾರ್ಥಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಉಳಿದವರನ್ನೂ ಒಬ್ಬೊಬ್ಬರಾಗಿ “ನೀನು ಯಾಕೆ ಹಾಗೆ ಆರಿಸಿದೆ?” ಎಂದು ಕೇಳುತ್ತಾ ಹೋದರು. ಮಾತುಕತೆ ಬೆಳೆಯಿತು, ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳೂ ಮನೆಗೆಲಸವೂ ಉಳಿದೇ ಹೋದವು. ನಾನು ವೀಕ್ಷಣಾ ನಮೂನೆಯಲ್ಲಿ ‘ಸಮಯಪಾಲನೆ ಇಲ್ಲ, ಮೌಲ್ಯಮಾಪನ ಹಂತ ಅಪೂರ್ಣ’ ಎಂದು ಬರೆದು ಅಂಕ ಕಳೆದೆ.

ಆ ದಿನ ಒಂದೇ ತಪ್ಪು ಎರಡು ಸಲ ನಡೆಯಿತು ಎಂದು ಈಗ ನನಗೆ ಅನಿಸುತ್ತದೆ. ಕಾರಣ ಕೇಳದೆ ಆಯ್ಕೆಯನ್ನು ತಪ್ಪು ಎಂದದ್ದೇ ಆ ತಪ್ಪು. ಪ್ರಶಿಕ್ಷಣಾರ್ಥಿ ತಮ್ಮ ತಪ್ಪನ್ನು ಅಲ್ಲೇ ತಿದ್ದಿಕೊಂಡರು. ನಾನು ತಿದ್ದಿಕೊಳ್ಳಲಿಲ್ಲ.

ಮೊದಲು ಹುಡುಗಿಯ ಉತ್ತರವನ್ನು ನೋಡೋಣ. ವಿವೇಚನಾಯುಕ್ತ ಆಯ್ಕೆ ಎಂದರೆ ಹೆಚ್ಚು ಹಣ ಬರುವ ಆಯ್ಕೆ ಎಂದು ನಾವು ಎಷ್ಟೋ ಸಲ ಬೋಧಿಸಿಬಿಡುತ್ತೇವೆ. ಅರ್ಥಶಾಸ್ತ್ರ ಹಾಗೆ ಹೇಳುವುದಿಲ್ಲ. ವ್ಯಕ್ತಿಗೆ ತನ್ನದೇ ಆದ್ಯತೆಗಳಿವೆ, ಅವು ಒಂದಕ್ಕೊಂದು ವಿರುದ್ಧವಾಗಿಲ್ಲ, ಕೈಗೆಟುಕುವ ದಾರಿಗಳಲ್ಲಿ ಆ ಆದ್ಯತೆಗಳಿಗೆ ಹೊಂದುವುದನ್ನು ಆರಿಸುತ್ತಾನೆ ಎಂದಷ್ಟೇ ಅದರ ಹೇಳಿಕೆ. ಡೇನಿಯಲ್ ಬರ್ನೌಲಿ 1738ರಲ್ಲೇ ಇದನ್ನು ಒಂದು ಲಾಟರಿ ಚೀಟಿಯ ಉದಾಹರಣೆಯಿಂದ ವಿವರಿಸಿದ. ಚೀಟಿಗೆ 20,000 ಡಕೆಟ್ ನಾಣ್ಯ ಬರಬಹುದು, ಏನೂ ಬರದೆಯೂ ಇರಬಹುದು. ಎರಡಕ್ಕೂ ಸಮ ಸಾಧ್ಯತೆ. ಬಡವನೊಬ್ಬ ಅದನ್ನು 9,000ಕ್ಕೆ ಮಾರಿದರೆ ದಡ್ಡನೇ? ಅಲ್ಲ. ಶ್ರೀಮಂತ ಅದನ್ನು 9,000ಕ್ಕೆ ಕೊಂಡರೆ? ಅವನೂ ದಡ್ಡನಲ್ಲ. ಇರುವ ಸಂಪತ್ತು ಹೆಚ್ಚಿದಂತೆ ಮುಂದಿನ ಒಂದು ನಾಣ್ಯದಿಂದ ಸಿಗುವ ತುಷ್ಟಿಗುಣ ಕಡಿಮೆಯಾಗುತ್ತದೆ. ಇಳಿಮುಖ ಸೀಮಾಂತ ತುಷ್ಟಿಗುಣ ಎಂದು ನಾವು ಪಾಠ ಹೇಳುವುದು ಇದನ್ನೇ. ನೂರು ಸಲ ಆಡಲು ಅವಕಾಶವಿದ್ದರೆ ನಾಣ್ಯವೇ ಸರಿ. ಒಂದೇ ಸಲ ಆಡಬೇಕು, ಕಂತಿನ ದಿನ ಹತ್ತಿರದಲ್ಲಿದೆ ಎಂದರೆ ಸಾವಿರವೇ ಸರಿ. ಸೀಮಾಂತ ಎಂಬ ಪದ ಕೇಳದ ಹುಡುಗಿ ಬರ್ನೌಲಿಯ ತರ್ಕವನ್ನು ಮನೆಯಿಂದಲೇ ತಂದಿದ್ದಳು.

ಇನ್ನು ಪ್ರಶಿಕ್ಷಣಾರ್ಥಿಯ ನಿರ್ಧಾರ. ತರಗತಿಯ ನಡುವೆ ನಿಂತವರಿಗೆ ಎಲ್ಲ ದಾರಿಗಳನ್ನೂ ತೂಗಿ ನೋಡುವಷ್ಟು ಸಮಯವಿಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದ್ದು ಇಂಥ ಸ್ಥಿತಿಯ ಬಗ್ಗೆಯೇ. ಮನುಷ್ಯನ ಮಾಹಿತಿ, ಸಮಯ, ಲೆಕ್ಕ ಹಾಕುವ ಶಕ್ತಿ ಎಲ್ಲವೂ ಮಿತ. ಆದ್ದರಿಂದ ಅವನು ಎಲ್ಲಕ್ಕಿಂತ ಉತ್ತಮವಾದದ್ದಕ್ಕೆ ಕಾಯದೆ, ಸಾಕಷ್ಟು ಒಳ್ಳೆಯದು ಸಿಕ್ಕಾಗ ಹುಡುಕಾಟ ನಿಲ್ಲಿಸುತ್ತಾನೆ. ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಆ ಒತ್ತಡವಿಲ್ಲ. ಅವನಿಗೆ ಕಾಣುವುದು ಫಲಿತಾಂಶ ಮಾತ್ರ. ಇದರ ಅಪಾಯವನ್ನು ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ 1988ರ ಅಧ್ಯಯನದಲ್ಲಿ ತೋರಿಸಿದರು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ನಿರ್ಧಾರ ಒಂದೇ, ಅವರ ಮುಂದಿದ್ದ ಮಾಹಿತಿಯೂ ಒಂದೇ. ಆದರೂ ಓದುಗರು ರೋಗಿ ಬದುಕಿದ ಎಂದು ಓದಿದಾಗ ಆ ನಿರ್ಧಾರಕ್ಕೆ ಹೆಚ್ಚು ಬೆಲೆ ಕಟ್ಟಿದರು, ಸತ್ತ ಎಂದು ಓದಿದಾಗ ಕಡಿಮೆ ಕಟ್ಟಿದರು. ನಾನೂ ಗಂಟೆ ಹೊಡೆದದ್ದನ್ನು ನೋಡಿ ಅಂಕ ಕೊಟ್ಟೆ. ಇನ್ನು ಐದು ನಿಮಿಷ ಉಳಿದಿದ್ದರೆ ಅದೇ ನಿರ್ಧಾರವನ್ನು ‘ವಿದ್ಯಾರ್ಥಿ ಕೇಂದ್ರಿತ ಬೋಧನೆ’ ಎಂದು ಹೊಗಳಿರುತ್ತಿದ್ದೆ.

ಹಾಗಾದರೆ ಕಾರಣ ಹೇಳಿದವರೆಲ್ಲ ಸರಿಯೇ ಎಂದು ಸಹೋದ್ಯೋಗಿಗಳು ಕೇಳಬಹುದು. ಖಂಡಿತ ಅಲ್ಲ. “ಎರಡು ರಾತ್ರಿ ಕೂತು ಚಾರ್ಟ್ ಬರೆದಿದ್ದೆ ಸರ್, ಅದಕ್ಕೇ ತೋರಿಸಿದೆ” ಎಂಬುದೂ ಒಂದು ಕಾರಣ. ಆದರೆ ಕಳೆದ ಎರಡು ರಾತ್ರಿ ಚಾರ್ಟ್ ತೋರಿಸಿದರೂ ಬರುವುದಿಲ್ಲ, ತೋರಿಸದಿದ್ದರೂ ಬರುವುದಿಲ್ಲ. ಮಕ್ಕಳಿಗೆ ಈಗ ಅದರಿಂದ ಏನು ಪ್ರಯೋಜನ ಎಂಬುದಷ್ಟೇ ಅಲ್ಲಿ ನಿಲ್ಲುವ ಪ್ರಶ್ನೆ. ಈ ದುರ್ಬಲ ಕಾರಣ ಹೊರಬಂದದ್ದೂ ಕೇಳಿದ್ದರಿಂದಲೇ. ಕೇಳದಿದ್ದರೆ ಒಳ್ಳೆಯ ಕಾರಣಕ್ಕೂ ಕೆಟ್ಟ ಕಾರಣಕ್ಕೂ ನಮ್ಮ ನಮೂನೆಯಲ್ಲಿ ಒಂದೇ ಅಂಕ. ಸಮಯಪಾಲನೆ ಬೇಡವೆಂದೂ ನನ್ನ ವಾದವಲ್ಲ. ಪ್ರತಿ ಪಾಠದಲ್ಲೂ ಮೌಲ್ಯಮಾಪನ ತಪ್ಪುತ್ತಿದ್ದರೆ ಅದು ಯೋಜನೆಯ ದೋಷ, ತಿದ್ದಲೇಬೇಕು.

ನನ್ನ ಸಲಹೆ ಸಣ್ಣದು. ಪ್ರತಿ ಪಾಠದ ನಂತರ ಹಿಮ್ಮಾಹಿತಿ ಕೊಡುವ ಮೊದಲು, ಪ್ರಶಿಕ್ಷಣಾರ್ಥಿ ಯೋಜನೆಯಿಂದ ಪಕ್ಕಕ್ಕೆ ಸರಿದ ಒಂದು ಕ್ಷಣವನ್ನು ಹೆಸರಿಸಿ ಮೂರು ಪ್ರಶ್ನೆ ಕೇಳೋಣ. ಆಗ ನಿಮಗೆ ಏನು ಗೊತ್ತಿತ್ತು? ಏನನ್ನು ಸಾಧಿಸಬೇಕೆಂದಿದ್ದಿರಿ? ಬೇರೆ ಯಾವ ದಾರಿ ಇತ್ತು? ಉತ್ತರಕ್ಕೆ ನಮೂನೆಯಲ್ಲಿ ನಾಲ್ಕು ಸಾಲು ಜಾಗವಿರಲಿ, ಅಂಕ ಆಮೇಲೆ. ಪ್ರಶಿಕ್ಷಣಾರ್ಥಿಗಳು ಕೂಡ ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ ‘ಬರಬಹುದಾದ ಬೇರೆ ಉತ್ತರ, ಅದರ ಕಾರಣ’ ಎಂದು ಇನ್ನೊಂದು ಕಾಲಂ ಎಳೆದುಕೊಳ್ಳಲಿ. ತಮ್ಮನ್ನು ಕಾರಣ ಕೇಳಿದವರ ಬಳಿ ಕಲಿತವರು ನಾಳೆ ತಮ್ಮ ಮಕ್ಕಳನ್ನೂ ಕೇಳುತ್ತಾರೆ.

ವಾರದ ನಂತರ ಆ ಪ್ರಶಿಕ್ಷಣಾರ್ಥಿಯನ್ನು ಕರೆದು ಪಾಠ ನಿಲ್ಲಿಸಿದ್ದು ಯಾಕೆ ಎಂದು ಕೇಳಿದೆ. “ಮೌಲ್ಯಮಾಪನ ಮರುದಿನ ಮಾಡಬಹುದಿತ್ತು ಸರ್, ಮಾಡಿದೆ ಕೂಡ. ಆದ್ರೆ ಆ ಹುಡುಗೀನ ತಪ್ಪು ಅಂತ ಕೂರಿಸಿಬಿಟ್ಟಿದ್ರೆ ಅವಳು ಮತ್ತೆ ಎದ್ದು ನಿಲ್ತಿರಲಿಲ್ಲ” ಎಂದರು. ಮೂರು ಪ್ರಶ್ನೆಗಳಿಗೂ ಅದರಲ್ಲೇ ಉತ್ತರವಿತ್ತು. ಅಷ್ಟರಲ್ಲಿ ಅಂಕಪಟ್ಟಿ ಸಲ್ಲಿಕೆಯಾಗಿಬಿಟ್ಟಿತ್ತು.