ಕ್ಷಯಕ್ಕೆ ಉಪದೇಶ ಬೇಡ, ಬೇಳೆ ಕೊಡಿ

ರೋಗನಿರೋಧಕ ಶಕ್ತಿಯ ವ್ಯಾಪಾರ ಈಗ ಭರದಿಂದ ಸಾಗಿದೆ. ಔಷಧಿ ಅಂಗಡಿಯ ಗಾಜಿನ ಕಪಾಟಿನ ತುಂಬ ಪುಡಿ, ಲೇಹ್ಯ, ಗುಳಿಗೆಗಳು. ಬಾದಾಮಿ ತಿನ್ನಿರಿ, ಹಣ್ಣು ತಿನ್ನಿರಿ, ಹಾಲು ಕುಡಿಯಿರಿ ಎಂದು ಬಡವರಿಗೆ ಬೋಧಿಸುವ ಮಹನೀಯರಿಗೂ ಕೊರತೆಯಿಲ್ಲ. ಗಿರಣಿಯಲ್ಲಿ ಎಂಟು ತಾಸು ನಿಂತು ದುಡಿಯುವವನಿಗೆ ಹಾಲಿನ ಗುಣ ತಿಳಿಯದೆಂದು ಇವರ ಭಾವನೆ! ಅವನಿಗೆ ಗುಣವೂ ಗೊತ್ತು, ದರವೂ ಗೊತ್ತು.

ನಮ್ಮ ಕಿರಾಣಿ ವ್ಯಾಪಾರಿ ಬಂಧುಗಳನ್ನು ಕೇಳಿ ನೋಡಿ. ಪಗಾರ ತಡವಾದ ತಿಂಗಳು ಉದ್ರಿ ಪುಸ್ತಕದಲ್ಲಿ ಅಕ್ಕಿಯ ಲೆಕ್ಕ ಇದ್ದ ಹಾಗೇ ಇರುತ್ತದೆ. ತೊಗರಿಬೇಳೆ ಎರಡು ಕಿಲೋದಿಂದ ಅರ್ಧ ಕಿಲೋಗೆ ಇಳಿಯುತ್ತದೆ, ಎಣ್ಣೆ ಚಿಕ್ಕ ಪಾಕೀಟಿಗೆ ಬರುತ್ತದೆ, ಮೊಟ್ಟೆಯ ಹೆಸರೇ ಇರುವುದಿಲ್ಲ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕ್ಷಯ ಹೊಂಚುಹಾಕಿರುವುದು ಇಂಥ ಮೈಗಾಗಿಯೇ.

ಕ್ಷಯದ ಕ್ರಿಮಿ ಎದೆಗೆ ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ ಸುಮಾರು 90 ಮಂದಿಯಲ್ಲಿ ದೇಹದ ರಕ್ಷಕ ಕಣಗಳು ಆ ಕ್ರಿಮಿಯನ್ನು ಸುತ್ತುಗಟ್ಟಿ ವರ್ಷಗಟ್ಟಲೆ ಸೆರೆಯಲ್ಲಿಡುತ್ತವೆ. ಈ ಕಾವಲುಪಡೆ ಹುಟ್ಟುವುದಕ್ಕೂ ಬಾಳುವುದಕ್ಕೂ ಸಸಾರಜನಕ ಬೇಕು, ಸತು ಬೇಕು, ಜೀವಸತ್ವಗಳು ಬೇಕು. ಊಟ ಬಡವಾದರೆ ಕಾವಲು ಸಡಿಲವಾಗುತ್ತದೆ, ಕ್ರಿಮಿ ಸೆರೆಯೊಡೆದು ಹೊರಬರುತ್ತದೆ. ಶ್ರೀಮಂತನಿಗೂ ಕ್ಷಯ ಬರುವುದುಂಟು, ನಿಜ. ಆದರೆ ಅದು ಬೀಡುಬಿಟ್ಟಿರುವುದು ಬಡವರ ಕೇರಿಯಲ್ಲಿ.

ಇದು ವೇದಿಕೆಯ ಮಾತಲ್ಲ. 2019ರಿಂದ 2022ರವರೆಗೆ ಝಾರ್ಖಂಡದ 4 ಜಿಲ್ಲೆಗಳಲ್ಲಿ ವೈದ್ಯರು ಒಂದು ಪ್ರಯೋಗ ನಡೆಸಿದರು. ಕ್ಷಯರೋಗಿಗಳ ಮನೆಯಲ್ಲೇ ವಾಸಿಸುವ 10,000ಕ್ಕೂ ಹೆಚ್ಚು ಜನರನ್ನು ಎರಡು ಪಂಗಡ ಮಾಡಿದರು. ರೋಗಿಗಳಿಗೆ ಎರಡೂ ಕಡೆ ಆಹಾರ ಕೊಟ್ಟರು. ಆದರೆ ಮನೆಯವರಿಗೂ ಕೊಟ್ಟದ್ದು ಒಂದೇ ಪಂಗಡದಲ್ಲಿ: ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೀವಸತ್ವದ ಗುಳಿಗೆ. ಬಾದಾಮಿಯಲ್ಲ, ಲೇಹ್ಯವಲ್ಲ! 2023ರಲ್ಲಿ ಪ್ರಕಟವಾದ ಫಲಿತಾಂಶವೇನು? ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇಕಡಾ 39ರಷ್ಟು ಕಡಿಮೆ. ಇನ್ನೊಬ್ಬರಿಗೆ ಹರಡುವ ಬಗೆಯ ಕ್ಷಯ ಶೇಕಡಾ 48ರಷ್ಟು ಕಡಿಮೆ. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾವಿನಿಂದ ಪಾರಾದದ್ದು ಹೆಚ್ಚು.

ಊಟಕ್ಕೂ ಕ್ಷಯಕ್ಕೂ ಏನು ಸಂಬಂಧ ಎನ್ನುವವರು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವನ್ನು ಮುಂದೊಡ್ಡುತ್ತಾರೆ. ಮನೆಯ ಬಡ ಊಟದಲ್ಲೇ ಔಷಧಿ ತಿಂದವರು ಆಸ್ಪತ್ರೆಯಲ್ಲಿದ್ದವರಷ್ಟೇ ಗುಣವಾದರೆಂದು ಅದು ತೋರಿಸಿತು. ಒಪ್ಪಿದೆವು. ಅದು ರೋಗ ಬಂದವನನ್ನು ಔಷಧಿ ಗುಣಪಡಿಸುವ ಮಾತು. ರೋಗ ಬಾರದಂತೆ ತಡೆಯುವ ಮಾತಲ್ಲ. ಔಷಧಿಯನ್ನು ಬಿಡಿರೆಂದು ನಾವೂ ಹೇಳುವುದಿಲ್ಲ. ವೈದ್ಯರು ಹೇಳಿದಷ್ಟು ತಿಂಗಳು ಒಂದು ದಿನವೂ ತಪ್ಪದೆ ನುಂಗಲೇಬೇಕು.

ಸರ್ಕಾರ ಏನು ಮಾಡಿದೆ? ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ತಿಂಗಳಿಗೆ 500 ರೂಪಾಯಿ ಗೊತ್ತುಮಾಡಿತು. 2024ರ ನವೆಂಬರಿನಿಂದ 1,000 ಮಾಡಿತು. ಐದು ಜನರ ಮನೆಯಲ್ಲಿ ಅಪ್ಪನೊಬ್ಬನೇ ಮೂಲೆಯಲ್ಲಿ ಕೂತು ಮೊಟ್ಟೆ ತಿನ್ನುವನೇ? ಮಕ್ಕಳ ಕೈಗೆ ಕೊಡುತ್ತಾನೆ. ಮನೆಯವರ ಆಹಾರ ಬುಟ್ಟಿಯನ್ನಂತೂ ‘ನಿಕ್ಷಯ ಮಿತ್ರ’ರೆಂಬ ದಾನಿಗಳ ಮರ್ಜಿಗೆ ಬಿಟ್ಟಿದ್ದಾರೆ. ದಾನಿಯ ಮನಸ್ಸು ಕರಗಿದ ತಿಂಗಳು ಬುಟ್ಟಿ, ಕರಗದ ತಿಂಗಳು ಬರಿಗೈ. 2013ರ ಆಹಾರ ಭದ್ರತಾ ಕಾಯಿದೆ ಧಾನ್ಯದ ಮಾತಾಡಿತು, ಬೇಳೆಯನ್ನು ಮರೆತಿತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕ್ಷಯರೋಗಿಯ ಮನೆಯ ಪ್ರತಿಯೊಬ್ಬರಿಗೂ ಪಡಿತರ ಅಂಗಡಿಯ ಮೂಲಕ ತಿಂಗಳಿಗೆ ಒಂದೂವರೆ ಕಿಲೋ ಬೇಳೆ ಹಕ್ಕಾಗಿ ಸಲ್ಲಬೇಕು. ಗಿರಣಿ ಸಂಘದವರೂ ಕಿರಾಣಿ ವರ್ತಕರೂ ಕೂಡಿಯೇ ಈ ಮನವಿಗೆ ಸಹಿ ಹಾಕಬೇಕು. ಕೂಲಿಕಾರನ ಮನೆಯಲ್ಲಿ ಬೇಳೆ ಬೇಯದಿದ್ದರೆ ವರ್ತಕನ ತಕ್ಕಡಿಯೂ ಏಳುವುದಿಲ್ಲ. ನಾಳೆ ಶಾಸಕರು ಕೇರಿಗೆ ಬಂದು ಪುಡಿಯ ಡಬ್ಬಿ ಹಂಚಿದರೆ, ಅವರು ಫೋಟೋಕ್ಕೆ ನಿಲ್ಲುವ ಮೊದಲೇ ಬೇಳೆಯ ಲೆಕ್ಕ ಕೇಳಿರಿ.