ಬುತ್ತಿಯೂ ಬಿಸಿಯಡಿಗೆಯೂ

ಸಾಧಾರಣ ಗೃಹಸ್ಥನೊಬ್ಬನನ್ನು ನಿಮ್ಮ ಮನೆಯಲ್ಲಿ ಎಷ್ಟು ಗಣಕಯಂತ್ರಗಳಿವೆಯೆಂದು ಕೇಳಿದರೆ, ಮೇಜಿನ ಮೇಲೆ ಒಂದು, ಕೈಗಳಲ್ಲಿ ಎರಡೋ ಮೂರೋ ಮೊಬೈಲುಗಳು ಎಂದು ಉತ್ತರ ಹೇಳುವನು. ಬಟ್ಟೆ ಒಗೆಯುವ ಯಂತ್ರವನ್ನೂ, ರಕ್ತದೊತ್ತಡ ಅಳೆಯುವ ಉಪಕರಣವನ್ನೂ, ಇಂಟರ್ನೆಟ್ಟನ್ನು ಕೋಣೆಕೋಣೆಗೆ ಹಂಚುವ ವೈಫೈ ರೌಟರನ್ನೂ ಲೆಕ್ಕಕ್ಕೆ ಹಿಡಿಯುವವರು ಅಪರೂಪ. ಆದರೆ ಇಂದಿನ ಇಂಥ ವಸ್ತುಗಳೊಳಗೆ ಒಂದೊಂದು ಚಿಕ್ಕ ಗಣಕ ಹುದುಗಿರುವುದು. ಇವುಗಳನ್ನು ಎಂಬೆಡೆಡ್ ಸಿಸ್ಟಮ್ ಎನ್ನುತ್ತಾರೆ. ಇವುಗಳನ್ನು ನಡೆಸುವ ಪ್ರೋಗ್ರಾಮು ಎಲ್ಲಿ ಸಿದ್ಧವಾಗುತ್ತದೆ, ಅದರಲ್ಲಿ ದೋಷ ಕಂಡಾಗ ತಿದ್ದಬಲ್ಲವರು ಯಾರು ಎಂಬುದನ್ನು ಈ ತಿಂಗಳು ಕೊಂಚ ವಿಚಾರಮಾಡೋಣ. ಇದು ಎಂಜಿನಿಯರುಗಳ ಗೊಡವೆ, ನಮಗೇಕೆ ಎಂದು ವಾಚಕರು ಪುಟವನ್ನು ತಿರುವಿಬಿಡಬಾರದು. ದುಡ್ಡು ಕೊಟ್ಟು ತಂದ ವಸ್ತು ಎಷ್ಟು ಕಾಲ ಉಪಯೋಗಕ್ಕೆ ಬರುವುದೆಂಬುದು ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಪ್ರೋಗ್ರಾಮು ಬರೆಯುವವರು ಅದನ್ನು ಸಿ ಮೊದಲಾದ ಭಾಷೆಗಳಲ್ಲಿ ಬರೆಯುತ್ತಾರೆ. ಇವು ಮನುಷ್ಯನು ಓದಿ ತಿಳಿಯಬಹುದಾದ ಭಾಷೆಗಳು. ಯಂತ್ರದ ಮಿದುಳೆನಿಸಿದ ಪ್ರೊಸೆಸರಿಗೆ ತಿಳಿಯುವುದು ಬರಿಯ ಅಂಕಿಗಳ ಭಾಷೆ. ಒಂದರಿಂದ ಇನ್ನೊಂದಕ್ಕೆ ಭಾಷಾಂತರಮಾಡತಕ್ಕ ಪ್ರೋಗ್ರಾಮಿಗೆ ಕಂಪೈಲರೆಂದು ಹೆಸರು. ಪ್ರೊಸೆಸರುಗಳಲ್ಲಿ ಹಲವು ಬಗೆಗಳುಂಟು. ಮೇಜಿನ ಗಣಕಗಳಲ್ಲಿ ಹೆಚ್ಚಾಗಿ ಕಾಣುವ ಇಂಟೆಲ್ ಬಗೆಯದಕ್ಕೆ ತಿಳಿಯುವ ಅಂಕಿಭಾಷೆ ಮೊಬೈಲುಗಳಲ್ಲಿರುವ ಆರ್ಮ್ ಬಗೆಯದಕ್ಕೆ ತಿಳಿಯದು. ಯಾವ ಯಂತ್ರದಲ್ಲಿ ಪ್ರೋಗ್ರಾಮು ನಡೆಯಬೇಕೋ ಆ ಬಗೆಯ ಯಂತ್ರದಲ್ಲಿಯೇ ಕಂಪೈಲ್ ಮಾಡಿದರೆ ಅದು ನೇಟಿವ್ ಪದ್ಧತಿ. ಒಂದು ಬಗೆಯ ಯಂತ್ರದಲ್ಲಿ ಕುಳಿತು ಇನ್ನೊಂದು ಬಗೆಯ ಯಂತ್ರಕ್ಕಾಗಿ ಕಂಪೈಲ್ ಮಾಡಿ ಕಳುಹಿಸಿದರೆ ಅದು ಕ್ರಾಸ್ ಪದ್ಧತಿ. ಮೊದಲನೆಯದು ಉಣ್ಣುವವರ ಮನೆಯಲ್ಲಿಯೇ ಒಲೆ ಹೊತ್ತಿಸಿ ಮಾಡಿದ ಬಿಸಿಯಡಿಗೆ. ಎರಡನೆಯದು ಬೇರೆ ಮನೆಯಲ್ಲಿ ಕಟ್ಟಿಕೊಟ್ಟ ಬುತ್ತಿ.

ಎರಡರಲ್ಲಿ ಬಿಸಿಯಡಿಗೆಯೇ ಮೇಲೆಂದು ಯಾರಾದರೂ ಹೇಳುವರು. ಆದರೆ ಒಲೆಯೇ ಇಲ್ಲದ ಕಡೆ ಅಡಿಗೆಯಾಗುವುದು ಹೇಗೆ? ಕಲಿಯುವ ಹುಡುಗರು ಉಪಯೋಗಿಸುವ ಆರ್ಡುಯಿನೊ ಊನೋ ಆರ್೩ ಎಂಬ ಹಲಗೆಯನ್ನು ತೆಗೆದುಕೊಳ್ಳಿ. ಪ್ರೋಗ್ರಾಮನ್ನು ಇಡುವುದಕ್ಕೆ ಅದರಲ್ಲಿರುವ ಸ್ಥಳ ೩೨ ಕಿಲೋಬೈಟು. ಲೆಕ್ಕ ಮಾಡುವಾಗ ಅಂಕಿಗಳನ್ನು ಇಟ್ಟುಕೊಳ್ಳುವ ಸ್ಥಳ ೨ ಕಿಲೋಬೈಟು ಮಾತ್ರ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುಟಿಎಫ್-೮ ಕ್ರಮದಲ್ಲಿ ೩ ಬೈಟುಗಳು ಬೇಕಾಗುವುದರಿಂದ, ಆ ೨ ಕಿಲೋಬೈಟಿನಲ್ಲಿ ಸುಮಾರು ೬೮೦ ಚಿಹ್ನೆಗಳು ಹಿಡಿಸಿಯಾವು. ಹಲವು ಮೆಗಾಬೈಟುಗಳಷ್ಟು ದೊಡ್ಡದಾದ ಕಂಪೈಲರು ಅಲ್ಲಿ ಕಾಲಿಡುವುದಕ್ಕೂ ಎಡೆಯಿಲ್ಲ. ಆದಕಾರಣ ಇಂಥ ಯಂತ್ರಗಳ ಪ್ರೋಗ್ರಾಮುಗಳು ದೊಡ್ಡ ಗಣಕದಲ್ಲಿ ಸಿದ್ಧವಾಗಿ, ತಂತಿಯ ಮೂಲಕ ಇಳಿದುಬರಬೇಕು. ಇಲ್ಲಿ ಆಯ್ಕೆಯ ಮಾತೇ ಇಲ್ಲ.

ಈ ಪದ್ಧತಿ ಇಂದು ನಿನ್ನೆಯದಲ್ಲ. ೧೯೭೫ರ ಜನವರಿಯಲ್ಲಿ ಅಮೆರಿಕದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ೮೮೦೦ ಎಂಬ ಚಿಕ್ಕ ಗಣಕದ ಚಿತ್ರ ಬಂದಿತು. ಅದಕ್ಕೆ ಬೇಸಿಕ್ ಎಂಬ ಭಾಷೆಯನ್ನು ಒದಗಿಸುವೆವೆಂದು ಬಿಲ್ ಗೇಟ್ಸ್, ಪಾಲ್ ಆಲನ್ ಎಂಬ ತರುಣರಿಬ್ಬರು ಅದರ ತಯಾರಕರಿಗೆ ತಿಳಿಸಿದರು. ಆದರೆ ಆ ಯಂತ್ರ ಅವರ ಬಳಿ ಇರಲಿಲ್ಲ. ಆಲನ್ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಿಡಿಪಿ-೧೦ ಎಂಬ ದೊಡ್ಡ ಗಣಕದಲ್ಲಿ, ಆಲ್ಟೇರಿನ ೮೦೮೦ ಪ್ರೊಸೆಸರಿನಂತೆಯೇ ನಟಿಸುವ ಪ್ರೋಗ್ರಾಮೊಂದನ್ನು ರಚಿಸಿದರು. ಅದರ ಆಸರೆಯಿಂದ ಅವರಿಬ್ಬರೂ ಮಾಂಟೆ ಡೇವಿಡಾಫ್ ಎಂಬ ಮೂರನೆಯವರೂ ಸೇರಿ ಬೇಸಿಕ್ಕನ್ನು ಬರೆದರು. ಅದನ್ನು ರಂಧ್ರಗಳಿರುವ ಕಾಗದದ ಪಟ್ಟಿಯಲ್ಲಿ ಮೂಡಿಸಿಕೊಂಡು ಆಲನ್ ವಿಮಾನದಲ್ಲಿ ಆಲ್ಬುಕರ್ಕ್ ನಗರಕ್ಕೆ ಹೊರಟರು. ಪಟ್ಟಿಯನ್ನು ಯಂತ್ರಕ್ಕೆ ಓದಿಸುವ ಪುಟ್ಟ ಪ್ರೋಗ್ರಾಮನ್ನು ವಿಮಾನದಲ್ಲಿ ಕುಳಿತೇ ಬರೆದರು. ಅಲ್ಲಿ ನಿಜವಾದ ಆಲ್ಟೇರಿಗೆ ಪಟ್ಟಿಯನ್ನು ಓದಿಸಿ, ಎರಡಕ್ಕೆ ಎರಡು ಕೂಡಿಸೆಂದರೆ ನಾಲ್ಕೆಂದು ಉತ್ತರ ಬಂದಿತು. ಬುತ್ತಿ ಕಟ್ಟಿದವರು ಉಣ್ಣುವವನ ಹೊಟ್ಟೆಯನ್ನು ಚೆನ್ನಾಗಿ ಅರಿತು ಕಟ್ಟಿದ್ದರು. ಆದರೂ ಆಲ್ಟೇರೇ ಉತ್ತರ ಕೊಡುವವರೆಗೆ ಕೆಲಸ ಮುಗಿದಂತಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಏಕೆಂದರೆ ಭಾಷಾಂತರ ಶುದ್ಧವಾಗಿದ್ದರೂ ಅರ್ಥ ಕೆಡುವುದುಂಟು. ಒಂದು ಉದಾಹರಣೆಯನ್ನು ನೋಡೋಣ. ಸಿ ಭಾಷೆಯಲ್ಲಿ ಚಾರ್ ಎಂಬ ಚಿಕ್ಕ ಪೆಟ್ಟಿಗೆಯೊಂದುಂಟು. ಅದರಲ್ಲಿ ಸಾಮಾನ್ಯವಾಗಿ ೨೫೬ ಬೇರೆ ಬೇರೆ ಬೆಲೆಗಳನ್ನು ಇಡಬಹುದು. ಲಿನಕ್ಸ್ ನಡೆಸುವ ಇಂಟೆಲ್ ಬಗೆಯ ಗಣಕದಲ್ಲಿ ಆ ಬೆಲೆಗಳು ಋಣ ೧೨೮ರಿಂದ ೧೨೭ರವರೆಗೆ. ಅದೇ ಲಿನಕ್ಸ್ ನಡೆಸುವ ಆರ್ಮ್ ಗಣಕದಲ್ಲಿ ಸೊನ್ನೆಯಿಂದ ೨೫೫ರವರೆಗೆ. ‘ಓದಬೇಕಾದದ್ದು ಮುಗಿಯಿತು’ ಎಂಬುದಕ್ಕೆ ಗುರುತು ಋಣ ೧. ಅಜಾಗರೂಕನಾದವನು ಆ ಗುರುತನ್ನು ಚಾರ್ ಪೆಟ್ಟಿಗೆಯಲ್ಲಿಟ್ಟು, ಋಣ ೧ ಬಂದಾಗ ನಿಲ್ಲೆಂದು ಬರೆದನೆನ್ನಿ. ಅವನ ಮೇಜಿನ ಗಣಕದಲ್ಲಿ ಪ್ರೋಗ್ರಾಮು ನಿಲ್ಲುವುದು. ಆರ್ಮ್ ಉಪಕರಣದಲ್ಲಾದರೋ ಋಣ ೧ ಎಂಬುದು ಪೆಟ್ಟಿಗೆಯೊಳಗೆ ೨೫೫ ಆಗಿಬಿಡುವುದರಿಂದ, ಅದು ಎಂದಿಗೂ ನಿಲ್ಲದೆ ಸುತ್ತುತ್ತಲೇ ಇರುವುದು. ಇದು ಕ್ರಾಸ್ ಕಂಪೈಲರಿನ ತಪ್ಪಲ್ಲ, ಬರೆದವನ ತಪ್ಪು. ಆದರೆ ಉಪಕರಣದಲ್ಲಿಯೇ ಕುಳಿತು ಕೆಲಸ ಮಾಡುವವನಿಗೆ ಈ ತಪ್ಪು ಬೇಗನೆ ಕಣ್ಣಿಗೆ ಬೀಳುವುದು. ಮೇಜಿನ ಗಣಕದಲ್ಲಿ ಪರೀಕ್ಷಿಸಿ ತೃಪ್ತಿಪಟ್ಟವನಿಗೆ ಅದು ಗ್ರಾಹಕನ ಮನೆ ಸೇರುವವರೆಗೂ ಕಾಣದಿರಬಹುದು.

ಇನ್ನೊಂದು ತೊಡಕೂ ಉಂಟು. ಅನೇಕ ಪ್ರೋಗ್ರಾಮುಗಳು ಕಂಪೈಲಾಗುವ ಮೊದಲು ಚಿಕ್ಕ ಚಿಕ್ಕ ಪರೀಕ್ಷಾ ಪ್ರೋಗ್ರಾಮುಗಳನ್ನು ನಡೆಸಿ, ಈ ಯಂತ್ರದಲ್ಲಿ ಇಂಥದು ಇದೆಯೇ, ಇಂಥದರ ಅಳತೆಯೆಷ್ಟು ಎಂದು ಕೇಳಿ ತಿಳಿಯುವುವು. ಕ್ರಾಸ್ ಪದ್ಧತಿಯಲ್ಲಿ ಬೇರೆ ಬಗೆಯ ಯಂತ್ರಕ್ಕಾಗಿ ಕಟ್ಟಿದ ಈ ಪರೀಕ್ಷೆಗಳು ಕಟ್ಟುವ ಯಂತ್ರದಲ್ಲಿ ನಡೆಯಲಾರವು. ಉತ್ತರಗಳನ್ನು ಮನುಷ್ಯನೇ ಬರೆದಿಡಬೇಕು. ಉತ್ತರ ತಪ್ಪಾದರೆ ಫಲವೂ ತಪ್ಪು. ಈ ಬಗೆಯ ತೊಡಕುಗಳನ್ನು ತಪ್ಪಿಸಿಕೊಳ್ಳುವುದಕ್ಕೆ ನೇಟಿವ್ ಪದ್ಧತಿ ಒಳ್ಳೆಯ ದಾರಿ. ಲಿನಕ್ಸ್ ಪ್ರಪಂಚದಲ್ಲಿ ಹೆಸರಾದ ಡೆಬಿಯನ್ ಯೋಜನೆಯವರು ತಮ್ಮ ಪ್ರೋಗ್ರಾಮುಗಳನ್ನು ಸಾಮಾನ್ಯವಾಗಿ ಆಯಾ ಬಗೆಯ ಯಂತ್ರಗಳಲ್ಲಿಯೇ ಕಂಪೈಲ್ ಮಾಡಿಸುತ್ತಾರೆ. ಆದರೆ ಇದಕ್ಕೆ ತಾಳ್ಮೆ ಬೇಕು. ೨೦೧೨ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದ ಮೊದಲ ರಾಸ್ಪ್‌ಬೆರ್ರಿ ಪೈ ಹಲಗೆಯಲ್ಲಿ ಇದ್ದ ಸ್ಮೃತಿ ೨೫೬ ಮೆಗಾಬೈಟು; ಅದರ ಮೇಲೆ ಲಿನಕ್ಸಿನ ಮೂಲಭಾಗವನ್ನು ಕಂಪೈಲ್ ಮಾಡಲು ಹಲವು ಗಂಟೆಗಳು ಹಿಡಿಯುತ್ತಿದ್ದುವು. ೨೦೨೩ರಲ್ಲಿ ಬಂದ ಐದನೆಯ ಪೈ ಹಲಗೆ ೪ ಮತ್ತು ೮ ಗಿಗಾಬೈಟು ಸ್ಮೃತಿಯೊಡನೆ ದೊರೆಯಿತು. ಹೀಗೆ ಒಲೆಯಿಲ್ಲದಿದ್ದ ಎಷ್ಟೋ ಕಡೆ ಈಗ ಒಲೆ ಬಂದಿದೆ.

ಇನ್ನು ಗೃಹಸ್ಥರಿಗೆ ನೇರವಾಗಿ ತಾಕುವ ಸಂಗತಿಗೆ ಬರೋಣ. ನಮ್ಮ ಮನೆಯ ರೌಟರು ಸಾಮಾನ್ಯವಾಗಿ ಬುತ್ತಿಯನ್ನು ಉಂಡು ಬದುಕುವಂಥದು. ತನ್ನ ಅಡಿಗೆಯನ್ನು ತಾನು ಮಾಡಿಕೊಳ್ಳದು. ಬುತ್ತಿ ಕಳುಹಿಸುವವರು ಕಳುಹಿಸುವುದನ್ನು ನಿಲ್ಲಿಸಿದರೆ ಗತಿಯೇನು? ಯಂತ್ರದ ಲೋಹವೂ ತಂತಿಯೂ ಗಟ್ಟಿಯಾಗಿಯೇ ಇದ್ದರೂ, ಹೊಸದಾಗಿ ಕಂಡ ದೋಷಗಳನ್ನು ತಿದ್ದುವವರಿಲ್ಲದೆ, ಕಳ್ಳರಿಗೆ ಬಾಗಿಲು ತೆರೆದಿಟ್ಟಂತಾಗುವುದು. ಅಮೆರಿಕದ ಲಿಂಕ್‌ಸಿಸ್ ಕಂಪೆನಿಯ ಡಬ್ಲ್ಯುಆರ್‌ಟಿ೫೪ಜಿ ಎಂಬ ರೌಟರಿನ ಕಥೆ ಇಲ್ಲಿ ಸ್ಮರಣೀಯ. ಅದರ ಮೊದಲ ಮಾದರಿಯಲ್ಲಿ ಸ್ಮೃತಿ ೧೬ ಮೆಗಾಬೈಟು, ಪ್ರೋಗ್ರಾಮಿಗೆ ಸ್ಥಳ ೪ ಮೆಗಾಬೈಟು. ಅದರೊಳಗೆ ಲಿನಕ್ಸ್ ಇದೆಯೆಂಬುದು ೨೦೦೩ರಲ್ಲಿ ಬೆಳಕಿಗೆ ಬಂದಿತು. ಲಿನಕ್ಸಿನ ಲೈಸೆನ್ಸಿನ ಪ್ರಕಾರ, ಅದನ್ನು ಹಂಚುವವರು ಮೂಲಬರಹವನ್ನು ಒದಗಿಸಬೇಕು; ಕಂಪೈಲ್ ಮಾಡಿ ಸ್ಥಾಪಿಸುವುದಕ್ಕೆ ಉಪಯೋಗಿಸಿದ ಆಜ್ಞಾವಳಿಗಳೂ ಅದರಲ್ಲಿ ಸೇರಿರಬೇಕು. ಅದೇ ವರ್ಷ ಕಂಪೆನಿ ಮೂಲಬರಹವನ್ನು ಪ್ರಕಟಿಸಿತು. ಅದರ ಆಧಾರದ ಮೇಲೆ ೨೦೦೪ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿತು. ಅದರ ಸದಸ್ಯರು ತಮ್ಮ ಗಣಕಗಳಲ್ಲಿ ಕ್ರಾಸ್ ಪದ್ಧತಿಯಿಂದ ಹೊಸ ಪ್ರೋಗ್ರಾಮುಗಳನ್ನು ಕಟ್ಟಿ ಆ ರೌಟರಿಗೆ ಇಳಿಸಿದರು. ಕ್ರಮೇಣ ಬೇರೆ ಬೇರೆ ಕಂಪೆನಿಗಳ ನೂರಾರು ಮಾದರಿಗಳಿಗೂ ಒದಗಿಸಿದರು. ಹೀಗೆ ಬುತ್ತಿ ಕಟ್ಟುವ ವಿಧಾನ ಹಲವರ ಕೈಗೆ ಬಂದುದರಿಂದ, ತಯಾರಕರು ಕೈಬಿಟ್ಟ ಎಷ್ಟೋ ಪೆಟ್ಟಿಗೆಗಳು ಮುಂದೆಯೂ ಕೆಲಸಕ್ಕೆ ಬಂದುವು.

ಇದರಿಂದ ನಮಗೆ ತೋರುವುದೇನೆಂದರೆ, ನೇಟಿವೋ ಕ್ರಾಸೋ ಎಂಬ ವಾದಕ್ಕೆ ಯಂತ್ರದ ಗಾತ್ರವೇ ಮುಕ್ಕಾಲು ಪಾಲು ತೀರ್ಪು ಕೊಡುವುದು. ಆದರೆ ಎರಡು ನಿಯಮಗಳನ್ನು ಯಾವ ಪದ್ಧತಿಯವರೂ ಮೀರಬಾರದು. ಒಂದು, ಎಲ್ಲಿ ಕಟ್ಟಿದರೂ ಕಡೆಯ ಪರೀಕ್ಷೆ ಆ ಪ್ರೋಗ್ರಾಮು ನಡೆಯಬೇಕಾದ ಯಂತ್ರದಲ್ಲಿಯೇ ಆಗಬೇಕು. ಇನ್ನೊಂದು, ಮೂಲಬರಹದ ಜೊತೆಯಲ್ಲಿ ಅದನ್ನು ಕಟ್ಟಿದ ಕಂಪೈಲರು ಯಾವುದು, ಯಾವ ಆವೃತ್ತಿಯದು, ಯಾವ ಆಜ್ಞೆಗಳಿಂದ ಕಟ್ಟಲಾಯಿತು ಎಂಬುದನ್ನು ಬರೆದು ಕಾಪಾಡಬೇಕು. ಈ ಎರಡನೆಯದನ್ನು ಅಲಕ್ಷ್ಯಮಾಡಿದರೆ, ಹತ್ತು ವರ್ಷಗಳ ಮೇಲೆ ಮೂಲಬರಹ ಕೈಯಲ್ಲಿದ್ದರೂ ಅದರಿಂದ ಪ್ರೋಗ್ರಾಮನ್ನು ಪಡೆಯುವುದು ದುಸ್ಸಾಧ್ಯವಾಗುವುದು.

ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುವ ಮಕ್ಕಳಿದ್ದರೆ, ಕಂಪೈಲರನ್ನು ಹೊರಬಲ್ಲ ಹಲಗೆಯೊಂದನ್ನು ಕೊಡಿಸಿ, ಮೊದಲು ಅದರ ಮೇಲೆಯೇ ಕಂಪೈಲ್ ಮಾಡಿ ಕಲಿಯಲೆಂದು ಹೇಳುವುದು ಒಳ್ಳೆಯದು. ಕಾಯುವುದು ಅಸಹನೀಯವಾದಾಗ ಕ್ರಾಸ್ ಪದ್ಧತಿಗೆ ತಿರುಗಲಿ. ಆಗ ತಾವು ಬಿಟ್ಟುಕೊಟ್ಟದ್ದೇನೆಂಬುದು ಅವರಿಗೆ ಗೊತ್ತಿರುವುದು. ಹೊಸ ರೌಟರನ್ನು ಕೊಳ್ಳುವ ಹಿರಿಯರು ಬೆಲೆಯನ್ನು ವಿಚಾರಿಸುವಾಗಲೇ, ಇದಕ್ಕೆ ತಿದ್ದುಪಡಿಗಳು ಎಷ್ಟು ವರ್ಷ ಬರುವುವು, ಆಮೇಲೆ ಬೇರೆಯವರು ಕಟ್ಟಿದ ಪ್ರೋಗ್ರಾಮನ್ನು ಇದು ಸ್ವೀಕರಿಸುವುದೇ ಎಂದು ಒಂದು ಮಾತು ಕೇಳಲಿ. ಅಂಗಡಿಯವನಿಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಯೋಜನೆಯವರು ಯಾವ ಮಾದರಿಗೆ ತಮ್ಮ ಪ್ರೋಗ್ರಾಮು ಹೊಂದುವುದೆಂಬ ಪಟ್ಟಿಯನ್ನು ಇಟ್ಟಿದ್ದಾರೆ. ಕೊಳ್ಳುವ ಮುಂಚೆ ಮಕ್ಕಳ ಕೈಯಲ್ಲಿ ಅದನ್ನು ಒಮ್ಮೆ ನೋಡಿಸಿದರೆ ಸಾಕು.