ಐರ್ಲೆಂಡಿಗೆ ಹೊರಟವರೇ, ಮೊದಲು ಬಾಡಿಗೆ ಕೇಳಿ

ನಮ್ಮ ಕಡೆಯ ನರ್ಸ್‌ಗಳು, ಸಾಫ್ಟ್‌ವೇರ್ ಹುಡುಗರು ಈಗ ಐರ್ಲೆಂಡಿಗೂ ಹೋಗುತ್ತಿದ್ದಾರೆ. ಸಂಬಳ ಎಷ್ಟೆಂದು ಊರೆಲ್ಲ ಕೇಳುತ್ತದೆ. ಬಾಡಿಗೆ ಎಷ್ಟೆಂದು ಕೇಳುವವರು ಕಡಿಮೆ.

ಬೆಂಗಳೂರಿನಿಂದ ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ ಎಂಬುದು ನಮ್ಮ ಲೆಕ್ಕ. ಡಬ್ಲಿನ್ ಸುತ್ತ ಈ ಲೆಕ್ಕ ಕೈಕೊಡುತ್ತದೆ. ವಿಕ್ಲೋ ಕೌಂಟಿಯ ಗ್ರೇಸ್ಟೋನ್ಸ್ ನೋಡಿ. ಸಮುದ್ರದ ದಂಡೆಯ ಸಣ್ಣ ಪಟ್ಟಣ, ದಕ್ಷಿಣಕ್ಕೆ ಡಾರ್ಟ್ ರೈಲಿನ ಕೊನೆಯ ನಿಲ್ದಾಣ. ಡಬ್ಲಿನ್ ಪೇಟೆಗೆ ಹೆಚ್ಚುಕಡಿಮೆ ಒಂದು ಗಂಟೆ ದಾರಿ. ಆದರೆ ಕಡಲು, ರೈಲು ಎರಡೂ ಇರುವ ಊರು ಉಳ್ಳವರಿಗೂ ಬೇಕು. ಅಲ್ಲಿ ಬಾಡಿಗೆಯೂ ದುಬಾರಿ, ಮನೆ ಸಿಗುವುದೂ ಕಷ್ಟ.

ಅದಕ್ಕೇ ನಾವು ಹೇಳುವುದಿಷ್ಟೆ: ಗಂಡನೋ ಹೆಂಡತಿಯೋ, ಕೆಲಸ ಸಿಕ್ಕವರು ಮೊದಲು ಹೋಗಲಿ. ಮನೆ ಗಟ್ಟಿಯಾದ ಮೇಲೆ ಮಕ್ಕಳು ಹೊರಡಲಿ. ನೋಡದ ಮನೆಗೆ ಇಲ್ಲಿಂದಲೇ ದುಡ್ಡು ಹಾಕಬೇಡಿ. ಅಲ್ಲಿ 2021ರಿಂದ ಒಂದು ಕಾನೂನಿದೆ: ಸಾಮಾನ್ಯ ಬಾಡಿಗೆ ಮನೆಗೆ ಮಾಲೀಕರು ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ ಕೇಳಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ಅನುಮಾನಪಡಿ.

ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ಬಾಡಿಗೆ ಕಳೆದು ಕೈಯಲ್ಲಿ ಉಳಿಯುವುದೇ ನಿಜವಾದ ಸಂಬಳ. ಸಾಲ ತೀರುವುದು ಅದರಿಂದಲೇ.